ಟವೆಲ್ ನೂಲಿನ ಹನ್ನೊಂದು ಟಾಪ್: ಮಳೆಗಾಲದ ಜೊತೆ ಹೆಣಿಗೆ, ನನ್ನ ಅನುಭವ

ಶುರು ಮಾಡಿದ್ದು ಹದಿನಾಲ್ಕು ಜನ. ಮುಗಿಸಿದ್ದು ಹನ್ನೊಂದು. ಅದರಲ್ಲಿ ಒಂಬತ್ತು ಟಾಪ್‌ಗಳು ಮೂರು ತಿಂಗಳು ಹಾಕಿ, ಒಗೆದು, ಮತ್ತೆ ಹಾಕಿದ ಮೇಲೂ ಅಳತೆ ಬಿಟ್ಟಿಲ್ಲ. ಇದನ್ನು ಬರೆಯೋಕೆ ಅಷ್ಟೇ ಕಾರಣ. ಹತ್ತಿ ನೂಲಲ್ಲಿ ಕೈಯಲ್ಲಿ ಹೆಣೆದದ್ದು ನಿಲ್ಲೋದಿಲ್ಲ, ಅದೂ ಮಗ್ಗಕ್ಕೆ ಅಂತ ಕೋನಿಗೆ ಸುತ್ತಿ ಮಾರುವ ಕೋನ್ ನೂಲು, ಅದೂ ಕರಾವಳಿಯ ಬೆವರಿಗೆ, ಅಂತ ಹೇಳಿದವರೆಲ್ಲ ನಮ್ಮ ಗುಂಪಲ್ಲೇ ಇದ್ದಾರೆ. ಓದಲಿ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಗುಂಪು ವಾಟ್ಸಾಪ್‌ನದು. ಕಾರವಾರ, ಕುಮಟಾ, ಯಲ್ಲಾಪುರದವರೇ ಜಾಸ್ತಿ. ಅಂಕೋಲೆಯ ಒಬ್ಬರು ಗಣಿತದ ಮೇಷ್ಟ್ರು, ಬೆಂಗಳೂರಿನ ಇಬ್ಬರು, ಮಸ್ಕತ್‌ನಲ್ಲಿರೋ ಒಬ್ಬಳು. ಎಲ್ಲರೂ ಒಂದೇ ದಿನ ಶುರು ಮಾಡಿ ಒಂದೇ ಬಟ್ಟೆ ಹೆಣೆಯೋದು, ಭಾನುವಾರ ನಾಲ್ಕು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸೋದು. ಜುಲೈನಲ್ಲಿ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ತೋಟದ ಮೇಲಿನ ಗುಡ್ಡೆ ಹತ್ತಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕುತ್ತಿಗೆಗೆ ಅರ್ಧ ಹೆಣೆದ ಟಾಪು ನೇತುಹಾಕಿಕೊಂಡು ಮಾತಾಡಿದ್ದೇನೆ. ಉಂಬಳ ಕಚ್ಚಿದ್ದು ಮನೆಗೆ ಬಂದ ಮೇಲೇ ಗೊತ್ತಾಗಿದ್ದು.

ಮೊದಲ ಎರಡು ವರ್ಷ ಎಲ್ಲರ ಹಾಗೆ ನಾವೂ ಅಕ್ರಿಲಿಕ್ ಸ್ವೆಟರ್ ಹೆಣೆದೆವು. ಶಿರಸಿಯವರಿಗೆ ಡಿಸೆಂಬರ್ ಬೆಳಗ್ಗೆ ಅದು ಬೇಕು ಸರಿ. ದೇವಿಮನೆ ಘಟ್ಟ ಇಳಿದ ಕೂಡಲೇ ಬಿಚ್ಚಿ ಚೀಲಕ್ಕೆ ಹಾಕಬೇಕು. ಕಾರವಾರದ ಅಕ್ಕ ಒಂದಿನ ಹೇಳಿಯೇಬಿಟ್ಟರು, "ನಿಮ್ಮ ಜೊತೆ ಹೆಣೆದ ಮೂರೂ ಸ್ವೆಟರ್ ಬೆಳಗಾವಿ ತಂಗಿ ಮನೇಲಿ ಇದೆ ಮಾರಾಯ್ತಿ. ನಾವೂ ಹಾಕುವಂಥದ್ದು ಏನಾದ್ರೂ ಮಾಡುವಾ." ಹಾಗೆ ಹತ್ತಿಗೆ ಬಂದೆವು.

ಅಂಗಡಿಯ ಹತ್ತಿ ಉಂಡೆ 50 ಗ್ರಾಮಿಗೆ 130 ರೂಪಾಯಿ ಹತ್ತಿರ. ಒಂದು ಟಾಪಿಗೆ ಏಳು ಉಂಡೆ ಅಂದ್ರೆ 900 ದಾಟಿತು. ಒಂದು ಸಲ ಮಾಡಬಹುದು, ಪ್ರತಿ ವರ್ಷ ಆಗಲ್ಲ. ನಾನು ಕೋನ್ ನೂಲು ತರಿಸೋಣ ಅಂದೆ. ಬೆಂಗಳೂರಿನ ಹಿರಿಯರೊಬ್ಬರು, ಮೂವತ್ತು ವರ್ಷದಿಂದ ಹೆಣೆಯುವವರು, "ಅದು ಟವೆಲ್ ನೇಯೋ ನೂಲು ಕಣ್ರೀ, ಮಗ್ಗಕ್ಕೆ ಹಾಕಿ, ಸೂಜಿಗಲ್ಲ" ಅಂದರು. ಗುಂಪಲ್ಲಿ ಎಂಟು ಜನ ಅವರ ಮಾತಿಗೆ ಹೆಬ್ಬೆರಳು ಒತ್ತಿದರು. ನಾನು ಎಣಿಸಿ ಇಟ್ಟಿದ್ದೇನೆ.

ಆದ್ರೆ ಮೊದಲ ಸಲ ಅವರೇ ಗೆದ್ದರು, ಅದನ್ನೂ ಹೇಳಬೇಕು. ಅಗ್ಗ ಅಂತ ಬನಿಯನ್‌ಗೆ ಬಳಸುವ ಒಂಟಿ ಎಳೆ ಹೊಸೈರಿ ನೂಲು ತರಿಸಿದೆ. ಐದು ಕೆಜಿ, ಸುಮಾರು 2,100 ರೂಪಾಯಿ. ಎಳೆ ಸಪೂರ ಅಂತ ಹಲವು ಎಳೆ ಒಟ್ಟಿಗೆ ಹಿಡಿದು ಹೆಣೆದೆ. ಬಟ್ಟೆ ಚಂದ ಬಂತು, ನೀರಿಗೆ ಹಾಕಿದ ಮೇಲೆ ತಿರುಚಿಕೊಳ್ಳೋಕೆ ಶುರುವಾಯ್ತು. ಕಂಕುಳಿಂದ ನೇರ ಇಳಿಯಬೇಕಾದ ಗೆರೆ ಹೊಕ್ಕುಳ ಹತ್ತಿರ ಬಂದು ನಿಂತಿತು. ಒಂಟಿ ಎಳೆಯಲ್ಲಿ ಹುರಿ ಒಂದೇ ದಿಕ್ಕಿಗೆ ಇರುತ್ತದೆ, ಒದ್ದೆಯಾದರೆ ಅದು ಬಿಚ್ಚಿಕೊಳ್ಳೋಕೆ ನೋಡುತ್ತದೆ, ಜೊತೆಗೆ ಬಟ್ಟೆಯನ್ನೂ ಎಳೆದುಕೊಂಡು ಹೋಗುತ್ತದೆ. ಅಂಥ ಆರು ಎಳೆ ಸೇರಿಸಿದರೂ ಆರೂ ಒಂದೇ ಕಡೆಗೆ ತಿರುಗುವವೇ, ಏನು ಪ್ರಯೋಜನ? ಇಸ್ತ್ರಿ ಹಾಕಿದೆ, ಎಳೆದು ಪಿನ್ ಚುಚ್ಚಿದೆ, ಇನ್ನೊಂದು ಸಲ ಒಗೆದರೆ ಮತ್ತೆ ಅದೇ ಕತೆ. ಆ ನೂಲು ಈಗ ಅಟ್ಟದ ಮೇಲಿದೆ. ಅಬ್ಬಲಿಗೆ ದಂಡೆ ಕಟ್ಟೋಕೆ ಆಗುತ್ತದೆ. ಕಾಳುಮೆಣಸಿನ ಬಳ್ಳಿ ಕಟ್ಟಿ ನೋಡಿದೆ, ಒಂದೇ ಮಳೆಗಾಲಕ್ಕೆ ಕೊಳೆತು ಹೋಯ್ತು.

ಅದೇ ವರ್ಷ ಸೂಜಿಯ ರಾಮಾಯಣ ಬೇರೆ. ನಾವು ಹಿಡಿದ ಪ್ಯಾಟರ್ನ್ ಅಮೆರಿಕದ್ದು, 8 ನಂಬರ್ ಸೂಜಿ ಅಂತ ಇತ್ತು. ಅಮ್ಮನ ಕಾಲದ 8 ನಂಬರ್ ಕಡ್ಡಿ ಎಲ್ಲರ ಮನೆಯಲ್ಲೂ ಇದೆಯಲ್ಲ, ತೆಗೆದು ಶುರು ಮಾಡಿದರು. ನಮ್ಮ ಕಡ್ಡಿಗಳಲ್ಲಿರೋದು ಹಳೇ ಬ್ರಿಟಿಷ್ ನಂಬರು, ಅದರಲ್ಲಿ 8 ಅಂದ್ರೆ 4 ಮಿ.ಮೀ. ಅಮೆರಿಕದ 8 ಅಂದ್ರೆ 5 ಮಿ.ಮೀ. ಮೂರು ವಾರ ಹೆಣೆದು ನೋಡಿದರೆ ನಾಲ್ಕು ಜನರ ಟಾಪು ಅವರವರ ಮಗಳಿಗೆ ಸರಿಯಾಗಿತ್ತು. ಮಗಳಿಲ್ಲದವರು ಬಿಚ್ಚಿದರು. ಈಗ ಗುಂಪಲ್ಲಿ ಮಿಲಿಮೀಟರ್ ಬಿಟ್ಟು ನಂಬರ್ ಬರೆದರೆ ಹತ್ತು ರೂಪಾಯಿ ದಂಡ. ಇದುವರೆಗೆ 140 ರೂಪಾಯಿ ಸೇರಿದೆ, ಅದರಲ್ಲಿ 30 ನನ್ನದೇ.

ಮುಂದಿನ ವರ್ಷ ಜೋಡಿ ಎಳೆಯ ನೂಲು ತರಿಸಿದೆ, 2/20 ಅಂತ ಬರುತ್ತದಲ್ಲ ಅದು. ಎರಡು ಎಳೆಯನ್ನು ಎದುರು ದಿಕ್ಕಿಗೆ ಹುರಿ ಮಾಡಿರುವುದರಿಂದ ತಿರುಚುವ ಕಾಟ ಇಲ್ಲ. ಎಷ್ಟು ಎಳೆ ಸೇರಿಸಬೇಕು ಅನ್ನೋದನ್ನು ಮೇಷ್ಟ್ರು ಲೆಕ್ಕ ಹಾಕಿ ಕೊಟ್ಟರು. 20 ಕೌಂಟ್ (ಕೌಂಟ್ ಅಂದ್ರೆ ನೂಲು ಎಷ್ಟು ಸಪೂರ ಅನ್ನೋ ಅಳತೆ) ಅಂದ್ರೆ ಒಂದು ಪೌಂಡ್ ತೂಕಕ್ಕೆ 840 ಗಜದ 20 ಲಡಿ. ಜೋಡಿ ಮಾಡಿದರೆ ಅರ್ಧ, ಹತ್ತು ಲಡಿ. ಅಂಥ ಆರು ಜೋಡಿ ಎಳೆ ಸೇರಿಸಿದರೆ 100 ಗ್ರಾಮಿಗೆ ಸುಮಾರು 280 ಮೀಟರ್ ಬರುತ್ತದೆ, 3.75 ಮಿ.ಮೀ. ಸೂಜಿಗೆ ಹದ. ಎಂಟು ಎಳೆಯನ್ನೂ ನೋಡಿದೆ, ಗೋಣಿಚೀಲದ ಹಾಗಾಯ್ತು. ನಾಲ್ಕು ಎಳೆ ಚಂದ ಇತ್ತು, ಆದ್ರೆ ಅಷ್ಟು ಸಣ್ಣ ಹೆಣಿಗೆಗೆ ಕೂರುವ ತಾಳ್ಮೆ ನನಗಿಲ್ಲ.

ಹೆಣೆದೆ. ಒಗೆದೆ. ಹಾಕಿಕೊಂಡರೆ ಅಳತೆ ಹೊಲಿಸಿದ ಹಾಗೆ ಇತ್ತು. ಗುಂಪಿಗೆ ಫೋಟೋ ಹಾಕಿ ಸ್ವಲ್ಪ ಮೆರೆದೆ ಕೂಡ. ಮರುದಿನ ಅದನ್ನೇ ಹಾಕಿಕೊಂಡು ಮದುವೆ ಮನೆಗೆ ಹೋದೆ. ಊಟದ ಹೊತ್ತಿಗೆ ಕುರ್ತಾ, ಸಂಜೆ ಮನೆಗೆ ಬರುವಾಗ ನೈಟಿ. ಅತ್ತೆ ಜಗುಲಿಯಲ್ಲಿ ಕೂತವರು ಕನ್ನಡಕ ಏರಿಸಿ ನೋಡಿ, "ಇದೆಂತದೇ ತಂಗಿ, ನಿನ್ನ ಟಾಪು ಮಳೆಗೆ ಬೆಳೀತಾ?" ಅಂದರು. ಉಣ್ಣೆಯ ಹಾಗೆ ಹತ್ತಿಗೆ ವಾಪಸ್ ಎಳೆದುಕೊಳ್ಳುವ ಗುಣ ಇಲ್ಲ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಇದು ನಿಮಗೆಲ್ಲ ಗೊತ್ತಿರೋದೇ. ಎಷ್ಟು ಜಗ್ಗುತ್ತದೆ ಅಂತ ಮೊದಲೇ ತಿಳಿಯೋದು ಹೇಗೆ, ಅದೇ ಪ್ರಶ್ನೆ.

ಸ್ವಾಚ್, ಅಂದ್ರೆ ಅಳತೆ ನೋಡೋ ಮಾದರಿ ತುಂಡು, ಎಲ್ಲರೂ ಹೆಣೆಯುತ್ತಾರೆ. ಕೆಲವರು ಒಗೆಯುತ್ತಾರೆ. ನೇತುಹಾಕುವವರು ಯಾರೂ ಇಲ್ಲ. ನಾನು ಮಾಡಿದ್ದು ಇಷ್ಟು: 40 ಕುಣಿಕೆಯ, ಒಂದು ಗೇಣು ಉದ್ದದ ತುಂಡು ಹೆಣೆದು, ಬಿಸಿನೀರಲ್ಲಿ ನೆನೆಸಿ, ಹಾಸಿ ಒಣಗಿಸಿದೆ. ಒಣಗಿದ ಮೇಲೆ ಕ್ಲಿಪ್ ಹಾಕಿ ನೇತುಹಾಕಿ, ಕೆಳಗಿನ ಅಂಚಿಗೆ 30 ಗ್ರಾಂ ಭಾರ ಕಟ್ಟಿ ಎರಡು ದಿನ ಬಿಟ್ಟೆ. 30 ಯಾಕೆ ಅಂದ್ರೆ, ಟಾಪಿನ ಕಂಕುಳ ಕೆಳಗಿನ ಭಾಗ 150 ಗ್ರಾಂ ತೂಗುತ್ತದೆ, ಅದು 212 ಕುಣಿಕೆಗೆ ಹಂಚಿ ಹೋಗುತ್ತದೆ, 40 ಕುಣಿಕೆಯ ಪಾಲು ಹತ್ತಿರ ಹತ್ತಿರ ಅಷ್ಟು. ತೂಕದ ಕಲ್ಲು ಎಲ್ಲಿ ಹುಡುಕೋದು? ನಾಲ್ಕು ಚಾಲಿ ಅಡಿಕೆಯನ್ನು (ಒಣಗಿಸಿ ಸುಲಿದದ್ದು) ಗಂಟು ಕಟ್ಟಿ ಅಡುಗೆಮನೆ ತಕ್ಕಡಿಯಲ್ಲಿ ನೋಡಿದೆ, ಸಾಕಾಯ್ತು. ಮಸ್ಕತ್‌ನವಳು ಖರ್ಜೂರ ಕಟ್ಟಿದಳಂತೆ.

ಹೆಣೆದಾಗ 10 ಸೆಂ.ಮೀ.ಗೆ 30 ಸಾಲು ಇದ್ದದ್ದು ಬಿಸಿನೀರಿಗೆ 33 ಆಯ್ತು, ಅಂದ್ರೆ ಕುಗ್ಗಿತು. ನೇತುಹಾಕಿದ ಮೇಲೆ 31ಕ್ಕೆ ಬಂದು ನಿಂತಿತು, ಮೂರನೇ ದಿನವೂ ಅಷ್ಟೇ. ಅಡ್ಡಕ್ಕೆ 22 ಕುಣಿಕೆ. ಈ 31 ಮತ್ತು 22 ಹಿಡಿದು ಲೆಕ್ಕ ಹಾಕಿದರೆ ಮುಗಿಯಿತು, ಉಳಿದ ಅಳತೆ ಎಲ್ಲ ಸುಳ್ಳು. 38 ಇಂಚಿನ ಎದೆಗೆ ಕುತ್ತಿಗೆಯಿಂದ ಕೆಳಗೆ ರಾಗ್ಲಾನ್ (ತೋಳು ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಸೇರುವ ವಿನ್ಯಾಸ): 100 ಕುಣಿಕೆ ಹಾಕಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎಂಟೆಂಟು ಹೆಚ್ಚಿಸುತ್ತಾ 60 ಸುತ್ತು, ಕಂಕುಳಲ್ಲಿ ಹತ್ತತ್ತು ಹೊಸದಾಗಿ ಹಾಕಿದರೆ, ತೋಳಿನ ಕುಣಿಕೆ ಬಿಟ್ಟು ಮೈಗೆ 212 ಬರುತ್ತದೆ. ಹಿಂಬದಿ ಕುತ್ತಿಗೆ ಎತ್ತರಿಸೋದು ನಿಮ್ಮಿಷ್ಟ. ಕೆಳ ಅಂಚು ಜೋಲದ ಹಾಗೆ ನಾನೊಂದು ಮಾಡುತ್ತೇನೆ, ಅದು ಗುಂಪಿನವರಿಗೆ ಮಾತ್ರ. ಮೇಷ್ಟ್ರು ಭಾನುವಾರದ ಕಾಲ್‌ನಲ್ಲಿ, 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಅಧಿಕಾರಿಯೇ ಮುಂದೆ ಲಾರ್ಡ್ ರಾಗ್ಲಾನ್ ಆದದ್ದು, ತೋಳಿಗೆ ಹೆಸರು ಬಂದದ್ದು ಅವನಿಂದ ಅಂತ ಪಾಠ ಶುರು ಮಾಡಿದರು. ಕುಮಟೆಯವಳು, "ಸರ್, ನಂಗೆ ಎರಡೂ ತೋಳು ಬೇಕು, ಮುಂದೆ ಹೇಳಿ" ಅಂದಳು.

ಆ ವರ್ಷ ನಿಯಮ ಒಂದೇ. ಎರಡು ದಿನ ನೇತಾಡಿದ ತುಂಡಿನ ಫೋಟೋ ಸ್ಕೇಲ್ ಸಮೇತ ಬರದಿದ್ದರೆ ಅವರಿಗೆ ಕುಣಿಕೆ ಲೆಕ್ಕ ಕೊಡೋದಿಲ್ಲ. ಬೈದರು. ಮಳೆಯಲ್ಲಿ ತುಂಡು ಒಣಗೋದೇ ಮೂರು ದಿನ, ಅದರ ಮೇಲೆ ಎರಡು ದಿನ ನೇತುಹಾಕೋದು ಅಂದ್ರೆ ಒಂದು ವಾರ ಹೋಯ್ತು ಅಂದರು. ಒಬ್ಬಳು ಒಗೆಯದೇ ನೇತುಹಾಕದೇ ಫೋಟೋ ಹಾಕಿದ್ದಳು, ಕ್ಲಿಪ್ಪಿನ ಗುರುತೂ ಇರಲಿಲ್ಲ, ನನಗೆ ಅನುಮಾನ ಬಂದಿತ್ತು, ಸುಮ್ನೆ ಯಾಕೆ ಜಗಳ ಅಂತ ಬಿಟ್ಟೆ. ಕೆಟ್ಟ ಎರಡು ಟಾಪಲ್ಲಿ ಒಂದು ಅವಳದ್ದೇ. ಇನ್ನೊಂದು ಮಸ್ಕತ್‌ನದು. ಎಲ್ಲ ಸರಿ ಮಾಡಿ ಕೊನೆಗೆ ಬಟ್ಟೆ ಒಣಗಿಸುವ ಮೆಷಿನ್‌ಗೆ ಹಾಕಿದಳು. ಕುಗ್ಗಿ ಬ್ಲೌಸ್ ಆಯ್ತು.

ಒಣಗಿಸೋದು ನಮಗೂ ಕಷ್ಟವೇ. ಒದ್ದೆ ಹತ್ತಿಯನ್ನು ತಂತಿಗೆ ಹಾಕಿದರೆ ನೀರಿನ ಭಾರಕ್ಕೆ ಕೆಟ್ಟಿತು. ನೆಲದಲ್ಲಿ ಹಾಸಿದರೆ ಮುಗ್ಗಲು ವಾಸನೆ. ನಾನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬಿದಿರ ತಟ್ಟಿ ಮೇಲೆ ಹಾಸಿದೆ. ಒಂದೂವರೆ ದಿನಕ್ಕೆ ಒಣಗಿತು, ಎರಡು ತಿಂಗಳು ಹೊಗೆ ವಾಸನೆ ಬಂತು. ಕಾರವಾರದ ಅಕ್ಕ ಟವೆಲಲ್ಲಿ ಸುತ್ತಿ ಮೇಲೆ ನಿಂತು ತುಳಿದು, ಮಂಚದ ಮೇಲೆ ಹಾಸಿ ಫ್ಯಾನ್ ಹಾಕುತ್ತಾರೆ. ಅದೇ ವಾಸಿ, ಕರೆಂಟಿದ್ದರೆ.

ಕರಾವಳಿಯವರಿಗೆ ಇನ್ನೊಂದು ತೊಂದರೆ. ಬೆವರು ಕೈಗೆ ಹಳೇ ಅಲ್ಯೂಮಿನಿಯಂ ಕಡ್ಡಿ ಬಿಳಿ ನೂಲಿನ ಮೇಲೆ ಬೂದು ಗುರುತು ಬಿಡುತ್ತದೆ. ಮರದ ಸೂಜಿ ದುಬಾರಿ ಅಂತ ನಮ್ಮನೆಯವರು ಅಡಿಕೆ ದಬ್ಬೆಯಿಂದ ಮಾಡಿ ಕೊಡುತ್ತೇನೆ ಅಂದರು. ಎರಡು ದಿನ ಕೆತ್ತಿ, ಮರಳು ಕಾಗದ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ ಕೊಟ್ಟರು. ನೋಡೋಕೆ ಬಲು ಚಂದ. ಹತ್ತು ಸಾಲಿಗೆ ನಾರು ಎದ್ದು ಆರೂ ಎಳೆಯನ್ನು ಬೇರೆ ಬೇರೆ ಹಿಡಿದುಕೊಂಡಿತು. ಈಗ ಅದರಲ್ಲಿ ದಾಸವಾಳದ ಗಿಡಕ್ಕೆ ಊರೆ ಕೊಟ್ಟಿದ್ದೇನೆ. ಕೊನೆಗೆ ಬಿದಿರಿನ ಸರ್ಕ್ಯುಲರ್ (ನಡುವೆ ಕೇಬಲ್ ಇರೋ ಜೋಡಿ ಸೂಜಿ) ಕೊಂಡೆವು.

ಬಣ್ಣದ ಹುಚ್ಚೂ ಹತ್ತಿತು. ಅಡಿಕೆ ಬೇಯಿಸಿದ ಚೊಗರು ಒಂದು ಕೊಡ ಉಳಿದಿತ್ತು. ಪಟಿಕ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ್ದು ಇಟ್ಟಿಗೆ ಕೆಂಪು ಬಂತು, ಒಗೆದರೂ ಹಾಗೇ ಇದೆ. ಪಾತ್ರೆ ಸಾಲದೆ ಇನ್ನರ್ಧ ಹಳೇ ಕಬ್ಬಿಣದ ಬಾಣಲೆಗೆ ಹಾಕಿದ್ದೆ, ಅದು ಆನೆಯ ಬಣ್ಣವಾಯ್ತು. ಚೊಗರಿಗೆ ಕಬ್ಬಿಣ ಸೇರಿದರೆ ಹಾಗೇ. ತಪ್ಪಿ ಆದದ್ದು, ಆದ್ರೆ ಆ ಬೂದು ಬಣ್ಣವನ್ನೇ ಎಲ್ಲರೂ ಕೇಳಿದರು. ಮುರುಗಲು (ಕೋಕಂ) ಸಿಪ್ಪೆಯದ್ದು ಮಾತ್ರ ಮಾಡಬೇಡಿ. ಗುಲಾಬಿ ಬಣ್ಣ ನೋಡಿ ಕುಣಿದಾಡಿದೆ, ಸೋಪು ತಾಗಿದ ಕೂಡಲೇ ಪಾತ್ರೆ ಒರೆಸುವ ಬಟ್ಟೆಯ ಬಣ್ಣಕ್ಕೆ ತಿರುಗಿತು. ಒಳ್ಳೇ ಸಿಪ್ಪೆ, ಸಾರು ಮಾಡಬಹುದಿತ್ತು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಆರು ಎಳೆಗೆ ಆರು ಕೋನ್, ಒಟ್ಟು ಏಳು ಕೆಜಿ, 3,200 ಚಿಲ್ಲರೆ. ಸಾಗಾಟ 400. ಒಬ್ಬೊಬ್ಬರಿಗೆ 300 ಗ್ರಾಂ ಸುತ್ತಿ 250 ರೂಪಾಯಿ ತೆಗೆದುಕೊಂಡೆ, 3,500 ಬಂತು. ಬಸ್ಸಿನ ಪಾರ್ಸೆಲ್ ಅವರವರದ್ದು. ನನಗೆ ಎರಡು ಕೆಜಿ ಮೇಲೆ ನೂಲು ಉಳಿಯಿತು, ಲಾಭ ಅಂದ್ರೆ ಅದೇ. ಮೂರು ದಿನ ಸುತ್ತಿದ್ದಕ್ಕೆ ಕೂಲಿ ಇಲ್ಲ, ಸುತ್ತುವ ಯಂತ್ರಕ್ಕೆ 1,300 ಬೇರೆ. ಆರು ಎಳೆಯಲ್ಲಿ ಒಂದು ಸಡಿಲಾದರೂ ಹೆಣೆಯುವಾಗ ಕೊಕ್ಕೆಯಂತೆ ಎದ್ದು ನಿಲ್ಲುತ್ತದೆ. ಅದಾಗದ ಹಾಗೆ ಸುತ್ತೋದು ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಕೇಳುತ್ತಾ ಇರಿ.

ಕಾರವಾರದ ಅಕ್ಕ ಎರಡನೆಯದು ಹೆಣೆದು 1,400ಕ್ಕೆ ಮಾರಿದರು. ನಲವತ್ತು ತಾಸಿನ ಕೆಲಸ. ನೂಲಿನ ದುಡ್ಡು ಕಳೆದು ತಾಸಿಗೆ ಮೂವತ್ತು ರೂಪಾಯಿಯೂ ಬೀಳಲಿಲ್ಲ, ಅಡಿಕೆ ಸುಲಿದರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಆದ್ರೂ ಇನ್ನೆರಡು ಒಪ್ಪಿಕೊಂಡಿದ್ದಾರೆ.

ಮುಗಿಸದ ಮೂವರಲ್ಲಿ ಒಬ್ಬಳಿಗೆ ಮಗುವಾಯ್ತು, ಒಬ್ಬರಿಗೆ ಭುಜದ ನೋವು, ಇನ್ನೊಬ್ಬರು ಸೆಪ್ಟೆಂಬರಿಂದ "ಈ ವಾರ ಮುಗಿಸ್ತೇನೆ" ಅನ್ನುತ್ತಲೇ ಇದ್ದಾರೆ. ಈಗ ನಮ್ಮಲ್ಲಿ ಕೊಯ್ಲು, ಸೂಜಿ ಮುಟ್ಟೋಕೆ ಪುರುಸೊತ್ತಿಲ್ಲ. ಬೆಂಗಳೂರಿನ ಹಿರಿಯರು ಹೋದ ವಾರ ನನಗೊಬ್ಬಳಿಗೇ ಮೆಸೇಜ್ ಮಾಡಿದ್ದಾರೆ, ಗುಂಪಲ್ಲಲ್ಲ. ಆ ಟವೆಲ್ ನೂಲು ಒಂದು 600 ಗ್ರಾಂ ಉಳಿದಿದೆಯಾ ಅಂತ. ಇದೆ. ಅವರಿಗೆ 300 ಗ್ರಾಮಿಗೆ 280 ಹೇಳಿದ್ದೇನೆ.