ಜಪಾನ್ ಪ್ರವಾಸ: ಯಾವ ಪ್ರದೇಶ ಆರಿಸಬೇಕು, ಯಾವುದನ್ನು ಬಿಡಬೇಕು?

ಜಪಾನಿನ ವಿಸ್ತೀರ್ಣ ಕರ್ನಾಟಕದ ಸುಮಾರು ಎರಡರಷ್ಟು. ಇಷ್ಟೇ ತಾನೆ ಎಂದುಕೊಂಡು ಹತ್ತು ದಿನಗಳಲ್ಲಿ ಇಡೀ ದೇಶ ಸುತ್ತುವ ಪಟ್ಟಿ ಬರೆಯುವವರು ಬಹಳ ಮಂದಿ. ಆದರೆ ಆ ದೇಶ ಉದ್ದುದ್ದ ಚಾಚಿಕೊಂಡಿದೆ. ಉತ್ತರದ ಹೊಕ್ಕೈಡೊದಿಂದ ದಕ್ಷಿಣದ ಒಕಿನಾವಾ ದ್ವೀಪಗಳವರೆಗೆ ಸುಮಾರು 3,000 ಕಿ.ಮೀ. ಜನವರಿ ಕೊನೆಯಲ್ಲಿ ಹೊಕ್ಕೈಡೊ ಹಿಮದಡಿ ಹುದುಗಿರುವಾಗ ಒಕಿನಾವಾದಲ್ಲಿ ಚೆರ್ರಿ ಅರಳಿರುತ್ತದೆ. ಆದ್ದರಿಂದ ಏನೇನು ನೋಡಬೇಕು ಎನ್ನುವುದಕ್ಕಿಂತ ಮುಂಚೆ ಏನನ್ನು ಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದು ವಾರಕ್ಕೆ ಒಂದು ಪ್ರದೇಶ, ಹತ್ತು–ಹನ್ನೆರಡು ದಿನಗಳಿಗೆ ಎರಡು. ಅದಕ್ಕಿಂತ ಹೆಚ್ಚಾದರೆ ಊರುಗಳಿಗಿಂತ ರೈಲು ನಿಲ್ದಾಣಗಳನ್ನೇ ಹೆಚ್ಚು ನೋಡಿ ಬರುತ್ತೀರಿ.

ಮೊದಲು ತಿಂಗಳು, ಆಮೇಲೆ ನಕ್ಷೆ

ಮಕ್ಕಳಿರುವ ನಮ್ಮ ಮನೆಗಳಲ್ಲಿ ಪ್ರವಾಸದ ದಿನಾಂಕ ನಿಗದಿ ಮಾಡುವುದು ಶಾಲೆಯ ರಜೆ. ಬೇಸಿಗೆ ರಜೆಯೆಂದರೆ ಏಪ್ರಿಲ್ ಎರಡನೆಯ ವಾರದ ನಂತರ. ಅಷ್ಟು ಹೊತ್ತಿಗೆ ಟೋಕಿಯೊ, ಕ್ಯೋಟೊಗಳಲ್ಲಿ ಚೆರ್ರಿ ಹೂವಿನ ಸೊಬಗು ಬಹುತೇಕ ಮುಗಿದಿರುತ್ತದೆ. ಹೂವನ್ನೇ ನೋಡಬೇಕೆಂದರೆ ಉತ್ತರಕ್ಕೆ, ತೊಹೊಕು ಪ್ರದೇಶಕ್ಕೆ ಹೋಗಿ. ಅವೊಮೊರಿ ಪ್ರಾಂತ್ಯದ ಹಿರೊಸಾಕಿ ಕೋಟೆಯ ಸುತ್ತ ಸುಮಾರು 2,600 ಚೆರ್ರಿ ಮರಗಳಿವೆ. ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲಿ ಅರಳುತ್ತವೆ. ಉದುರತೊಡಗಿದಾಗಲೇ ಇನ್ನೂ ಚೆಂದ. ಕಂದಕದ ನೀರು ಕಾಣದಷ್ಟು ದಟ್ಟವಾಗಿ ಎಸಳುಗಳು ಹರಡಿಕೊಂಡು, ದೋಣಿಯ ಹುಟ್ಟು ಬಿದ್ದ ಕಡೆ ಮಾತ್ರ ನೀರು ಕಪ್ಪಗೆ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಮೇ ತಿಂಗಳ ಆರಂಭಕ್ಕೆ ಹೂವಿನ ಸರದಿ ಹೊಕ್ಕೈಡೊ ತಲುಪುತ್ತದೆ.

ಒಂದು ಎಚ್ಚರಿಕೆ: ಏಪ್ರಿಲ್ 29ರಿಂದ ಮೇ 5ರವರೆಗೆ ‘ಗೋಲ್ಡನ್ ವೀಕ್’ ರಜೆಗಳು. ಜಪಾನೀಯರೇ ಮನೆ ಬಿಟ್ಟು ಹೊರಟಿರುತ್ತಾರೆ. ರೈಲು ಭರ್ತಿ, ಕೋಣೆ ದುಬಾರಿ. ಅದು ಕಳೆದ ನಂತರದ ಮೇ ತಿಂಗಳು ಎಲ್ಲಕ್ಕಿಂತ ಹಿತ. ಹವೆ ತಂಪು, ಒಕಿನಾವಾ ಬಿಟ್ಟರೆ ಮಳೆಗಾಲಕ್ಕೆ ಇನ್ನೂ ಸಮಯವಿರುತ್ತದೆ.

ದಸರಾ ರಜೆಯಲ್ಲಿ ಹೋಗುವವರು ಕೆಂಪೆಲೆಗಳಿಗಾಗಿ ಕ್ಯೋಟೊಗೆ ಹೋಗಬೇಡಿ, ಅಲ್ಲಿ ಎಲೆ ಕೆಂಪಾಗುವುದು ನವೆಂಬರ್ ಉತ್ತರಾರ್ಧದಲ್ಲಿ. ಅಕ್ಟೋಬರಿಗೆ ನಿಕ್ಕೊ, ಕಾಮಿಕೊಚಿ, ತೊಹೊಕುವಿನ ಬೆಟ್ಟಗಳು ಸರಿ. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಬಹುತೇಕ ಕಡೆ ಮಳೆ. ಹೊಕ್ಕೈಡೊ ಇದಕ್ಕೆ ಹೊರತು. ಆಗಸ್ಟ್, ಸೆಪ್ಟೆಂಬರಿನಲ್ಲಿ ಒಕಿನಾವಾಗೆ ಚಂಡಮಾರುತದ ಕಾಟ.

ಮೊದಲ ಸಲವಾದರೆ

ಟೋಕಿಯೊ ಮತ್ತು ಕ್ಯೋಟೊ. ಎಲ್ಲರೂ ಅಲ್ಲಿಗೇ ಹೋಗುತ್ತಾರೆಂದು ಹಿಂಜರಿಯಬೇಕಿಲ್ಲ, ನೋಡಲು ಅಷ್ಟಿದೆ. ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆಯ ದಾರಿ. ಟೋಕಿಯೊದಲ್ಲಿ ಉಳಿದು ಕಾಮಾಕುರಾ, ನಿಕ್ಕೊ. ಕ್ಯೋಟೊದಲ್ಲಿ ಉಳಿದು ನಾರಾ ಊರು ಮತ್ತು ಹಿಮೇಜಿಯ ಕೋಟೆಯನ್ನು ಬೆಳಿಗ್ಗೆ ಹೊರಟು ಸಂಜೆ ಮರಳುವಂತೆ ನೋಡಬಹುದು. ದಿನಕ್ಕೊಂದು ಹೋಟೆಲ್ ಬದಲಿಸುವ ಯೋಜನೆ ದಯವಿಟ್ಟು ಹಾಕಬೇಡಿ.

ಇವೆರಡರ ನಡುವೆ ಒಂದು ಬದಲಿ ದಾರಿಯಿದೆ, ಅದನ್ನು ಎಲ್ಲರಿಗೂ ಹೇಳಬೇಕೆನಿಸುತ್ತದೆ. ನೇರ ಕ್ಯೋಟೊಗೆ ಹೋಗದೆ ಜಪಾನ್ ಸಮುದ್ರದ ಕಡೆಯ ಕನಜಾವಾ ಮೂಲಕ ಹೋಗಿ. ಟೋಕಿಯೊದಿಂದ ಸುಮಾರು ಎರಡೂವರೆ ಗಂಟೆ. 2024ರ ಮಾರ್ಚ್‌ನಲ್ಲಿ ಈ ಬುಲೆಟ್ ರೈಲು ಮಾರ್ಗ ತ್ಸುರುಗಾವರೆಗೆ ಮುಂದುವರಿಯಿತು. ಅಲ್ಲಿ ರೈಲು ಬದಲಿಸಿದರೆ ಕ್ಯೋಟೊ. ಕನಜಾವಾದಲ್ಲಿ ಕೆನ್ರೊಕುಎನ್ ಉದ್ಯಾನವಿದೆ, ಮರದ ಜಾಲರಿ ಮುಂಗಟ್ಟಿನ ಹಳೆಯ ಚಹಾ ಮನೆಗಳ ಬೀದಿಯಿದೆ. ಜಪಾನಿನ ಚಿನ್ನದ ರೇಕಿನ ಬಹುಪಾಲು ತಯಾರಾಗುವುದೂ ಇದೇ ಊರಿನಲ್ಲಿ. ಕಡಿದಾದ ಹುಲ್ಲಿನ ಚಾವಣಿಯ ಮನೆಗಳ ಶಿರಕಾವಾ–ಗೊ ಹಳ್ಳಿಗೆ ಇಲ್ಲಿಂದಲೇ ಬಸ್ಸುಂಟು.

ಸಸ್ಯಾಹಾರಿಗಳಿದ್ದರೆ

ಜಪಾನಿನಲ್ಲಿ ತರಕಾರಿ ಸೂಪಿಗೂ ಸಾಮಾನ್ಯವಾಗಿ ಒಣಮೀನಿನ ಸಾರವೇ ಆಧಾರ. ಮನೆಯ ಹಿರಿಯರು ಜೊತೆಗಿದ್ದರೆ ಒಂದು ರಾತ್ರಿಯನ್ನು ಕೋಯಾಸಾನ್ ಬೆಟ್ಟಕ್ಕೆ ಮೀಸಲಿಡಿ. 9ನೇ ಶತಮಾನದ ಆರಂಭದಲ್ಲಿ ಬೌದ್ಧ ಗುರು ಕೂಕಾಯ್ ಕಟ್ಟಿದ ಕ್ಷೇತ್ರವದು. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಕೊನೆಯಲ್ಲಿ ಕೇಬಲ್ ಕಾರ್. ಒಟ್ಟು ಎರಡು ಗಂಟೆ. ಅಲ್ಲಿನ ದೇವಾಲಯಗಳಲ್ಲೇ ತಂಗಬಹುದು. ಸಂಜೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಎಳ್ಳಿನ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು, ಬೇಯಿಸಿದ ಬೇರುಗಡ್ಡೆ ಬರುತ್ತವೆ. ಸಾರಕ್ಕೆ ಕಡಲಪಾಚಿ ಮತ್ತು ಅಣಬೆ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಹಿರಿಯರು ಶಂಕೆಯಿಲ್ಲದೆ ಕೂತು ಉಣ್ಣಬಹುದಾದ ಊಟ.

ಪಾಸ್, ಟಿಕೆಟ್, ಪೆಟ್ಟಿಗೆ

ಪ್ರದೇಶ ಗೊತ್ತಾದ ಮೇಲೆಯೇ ರೈಲು ಪಾಸ್ ಕೊಳ್ಳಿ. ದೇಶವ್ಯಾಪಿ ಏಳು ದಿನದ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊ–ಕ್ಯೋಟೊ ಹೋಗಿಬರಲು ಬಿಡಿ ಟಿಕೆಟ್‌ಗೆ ಸುಮಾರು 28,000 ಯೆನ್. ಎರಡೇ ಪ್ರದೇಶ ನೋಡುವವರಿಗೆ ಆ ಪಾಸ್ ನಷ್ಟ. ತೊಹೊಕು, ದಕ್ಷಿಣದ ಕ್ಯೂಶೂ, ಕ್ಯೋಟೊ–ಒಸಾಕಾ ಸುತ್ತಲಿನ ಕನ್ಸಾಯ್‌ನಂಥ ಒಂದೊಂದು ಪ್ರದೇಶಕ್ಕೂ ಕಡಿಮೆ ದರದ ಪಾಸ್‌ಗಳಿವೆ.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಬಂದ ದಾರಿಯಲ್ಲೇ ಮರಳುವ ಬದಲು ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ಹೊರಡುವ ಟಿಕೆಟ್‌ನ ದರವನ್ನೂ ವಿಚಾರಿಸಿ, ಅರ್ಧ ದಿನ ಉಳಿಯುತ್ತದೆ. ಕನಜಾವಾ ದಾರಿ ಹಿಡಿಯುವವರು ದೊಡ್ಡ ಪೆಟ್ಟಿಗೆಗಳನ್ನು ಟೋಕಿಯೊ ಹೋಟೆಲಿನ ಸ್ವಾಗತ ಮೇಜಿನಲ್ಲೇ ಕೊರಿಯರ್‌ಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಕ್ಯೋಟೊ ಹೋಟೆಲ್ ಸೇರಿರುತ್ತವೆ; ನಡುವಿನ ರಾತ್ರಿಗೆ ಬೇಕಾದ ಬಟ್ಟೆ, ಔಷಧಿಗಳನ್ನು ಬೆನ್ನಿನ ಚೀಲದಲ್ಲಿ ಇಟ್ಟುಕೊಂಡರಾಯಿತು.