ಹವಾನಾದಲ್ಲಿ ಮನೆಯೂಟ ಹುಡುಕುವ ಬಗೆ

ಕ್ಯೂಬಾದಲ್ಲಿ ಮನೆಯಲ್ಲೇ ನಡೆಸುವ ಊಟದ ಹೋಟೆಲಿಗೆ ‘ಪಲದಾರ್’ ಎನ್ನುತ್ತಾರೆ. ಅಂಗುಳು ಎಂಬ ಅರ್ಥದ ಈ ಹೆಸರು ಬ್ರೆಜಿಲಿನ ಟಿ.ವಿ. ಧಾರಾವಾಹಿಯೊಂದರ ನಾಯಕಿ ನಡೆಸುತ್ತಿದ್ದ ಹೋಟೆಲಿನಿಂದ ಬಂದದ್ದು. ಸೋವಿಯತ್ ನೆರವು ನಿಂತುಹೋದ 1990ರ ದಶಕದಲ್ಲಿ ಸರ್ಕಾರ ಇವುಗಳಿಗೆ ಒಪ್ಪಿಗೆ ಕೊಟ್ಟಿತಾದರೂ 12ಕ್ಕಿಂತ ಹೆಚ್ಚು ಕುರ್ಚಿ ಹಾಕುವಂತಿರಲಿಲ್ಲ. 2011ರಲ್ಲಿ ಆ ಮಿತಿ 50ಕ್ಕೆ ಏರಿದ ಮೇಲೆ ಎಷ್ಟೋ ಪಲದಾರ್‌ಗಳು ಹೆಸರಿಗಷ್ಟೇ ಮನೆಗಳಾಗಿ ಉಳಿದಿವೆ. ಆದ್ದರಿಂದ ನಿಜವಾದ ಮನೆಯಡುಗೆ ಬೇಕೆನ್ನುವವರು ಹುಡುಕಾಟವನ್ನು ಹೋಟೆಲಿನಿಂದಲ್ಲ, ವಸತಿಯಿಂದ ಆರಂಭಿಸಬೇಕು.

ಮೊದಲು, ‘ಕಾಸಾ ಪರ್ತಿಕುಲಾರ್’ ಎಂಬ ಪರವಾನಗಿ ಪಡೆದ ಮನೆಯಲ್ಲಿ ಕೋಣೆ ಹಿಡಿಯಿರಿ. ವಿದೇಶಿಯರಿಗೆ ಕೋಣೆ ಕೊಡುವ ಮನೆಯ ಬಾಗಿಲಲ್ಲಿ ಲಂಗರಿನಂತೆ ಕಾಣುವ ನೀಲಿ ಗುರುತು ಇರುತ್ತದೆ.

ಎರಡನೆಯದಾಗಿ, ರಾತ್ರಿಯ ಊಟವನ್ನು ಬೆಳಗಿನ ಕಾಫಿಯ ಹೊತ್ತಿಗೇ ಹೇಳಿಡಿ. ಅಲ್ಲಿ ಬೇಕಾದ ಸಾಮಾನು ಬೇಕಾದಾಗ ಸಿಗುವುದಿಲ್ಲವಾದ್ದರಿಂದ ಮನೆಯವರು ಸಂತೆಯಲ್ಲಿ ಅಂದು ಸಿಕ್ಕಿದ್ದನ್ನು ನೋಡಿ ಅಡುಗೆ ನಿರ್ಧರಿಸುತ್ತಾರೆ. ನಿಮಗೆ ಬೇಕಾದದ್ದನ್ನು ಕೇಳುವುದಕ್ಕಿಂತ ‘ಕೆ ಆಯ್ ಓಯ್?’ (ಇವತ್ತು ಏನಿದೆ?) ಎಂದು ಕೇಳುವುದು ಜಾಣತನ. ಈಚಿನ ವರ್ಷಗಳಲ್ಲಿ ಕರೆಂಟು ಹೋಗುವುದು ಹೆಚ್ಚಾಗಿರುವುದರಿಂದ ಊಟದ ಹೊತ್ತನ್ನೂ ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.

ಸಸ್ಯಾಹಾರಿಗಳು ಇನ್ನಷ್ಟು ಎಚ್ಚರ ವಹಿಸಬೇಕು. ‘ಕಾರ್ನೆ’ ಬೇಡವೆಂದರೆ ದನ, ಹಂದಿಯ ಮಾಂಸ ಬೇಡವೆಂದಷ್ಟೇ ತಿಳಿದು ಕೋಳಿಯನ್ನು ಬಡಿಸುವುದುಂಟು. ‘ನಿ ಪೊಯ್ಯೊ, ನಿ ಪೆಸ್ಕಾದೊ, ನಿ ಹಮೋನ್’ ಎಂದು ಕೋಳಿ, ಮೀನು, ಹ್ಯಾಮ್ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ. ಅನ್ನ ಮತ್ತು ಬೀನ್ಸ್ ಕಾಳನ್ನು ಒಟ್ಟಿಗೆ ಬೇಯಿಸುವ ‘ಕೊಂಗ್ರಿ’ ನೋಡಲು ನಿರಪಾಯವೆನಿಸಿದರೂ ಅದರಲ್ಲಿ ಹಂದಿಯ ಕೊಬ್ಬು, ಅಂದರೆ ‘ಮಾಂತೇಕಾ’, ಇರುವುದು ಸಾಮಾನ್ಯ. ಅದನ್ನೂ ಕೇಳಿಯೇ ತಿನ್ನಿ.

ಧೈರ್ಯವಾಗಿ ತಿನ್ನಬಹುದಾದದ್ದೂ ಸಾಕಷ್ಟಿದೆ. ಹುರಿಯುವ ಎಣ್ಣೆ ಯಾವುದೆಂದು ಮಾತ್ರ ವಿಚಾರಿಸಿ. ಬೇಯಿಸಿದ ಮರಗೆಣಸಿನ ಮೇಲೆ ಬೆಳ್ಳುಳ್ಳಿ ಮತ್ತು ಹುಳಿಕಿತ್ತಳೆ ರಸದ ‘ಮೋಹೊ’ ಸುರಿದು ಕೊಡುತ್ತಾರೆ. ಮನೆಯೊಡತಿ ಒಪ್ಪಿದರೆ ‘ತೊಸ್ತೋನೆಸ್’ ಮಾಡುವಾಗ ಅಡುಗೆಮನೆಯಲ್ಲಿ ನಿಂತು ನೋಡಿ. ಬಾಳೆಕಾಯಿಯನ್ನು ಹೆಬ್ಬೆರಳು ಗಾತ್ರದ ದಪ್ಪ ಬಿಲ್ಲೆಗಳಾಗಿ ಹೆಚ್ಚಿ, ಒಮ್ಮೆ ಎಣ್ಣೆಯಲ್ಲಿ ಅರೆಬೇಯಿಸಿ ತೆಗೆದು, ಬಿಸಿಯಿರುವಾಗಲೇ ಹಲಗೆಯಲ್ಲೋ ತಟ್ಟೆಯ ಬೆನ್ನಲ್ಲೋ ಅಪ್ಪಚ್ಚಿ ಮಾಡಿ, ಅಂಚು ಗರಿಗರಿಯಾಗುವಂತೆ ಮತ್ತೆ ಎಣ್ಣೆಗೆ ಬಿಡುತ್ತಾರೆ. ನಮ್ಮ ಬಾಳೆಕಾಯಿ ಬಜ್ಜಿಗಿಂತ ಇದು ನನಗೆ ಒಂದು ತೂಕ ಹೆಚ್ಚೇ ಎನಿಸುತ್ತದೆ.

ಹೊರಗಿನ ಪಲದಾರ್‌ಗೆ ಹೋಗುವುದಾದರೆ ವಿಳಾಸವನ್ನು ಮನೆಯವರಿಂದ ಬರೆಸಿಕೊಂಡು ಒಬ್ಬರೇ ಹೋಗಿ. ದಾರಿ ತೋರಿಸುತ್ತೇನೆಂದು ಜೊತೆಗೆ ಬರುವವರ ಕಮಿಷನ್ ನಿಮ್ಮ ಬಿಲ್ಲಿಗೇ ಸೇರುತ್ತದೆ. ಬೆಲೆ ಪೆಸೊದಲ್ಲೋ ಡಾಲರಿನಲ್ಲೋ ಎಂಬುದನ್ನು ಕೂರುವ ಮೊದಲೇ ಕೇಳಿ, ಕಾರ್ಡನ್ನು ನೆಚ್ಚದೆ ನಗದು ಇಟ್ಟುಕೊಳ್ಳಿ.

ಬೆಳಿಗ್ಗೆ ತಿಂಡಿಯ ಜೊತೆ ಹಣ್ಣು ಬರುತ್ತದೆ. ಪರಂಗಿಹಣ್ಣು ಬೇಕಾದರೆ ‘ಪಪಾಯ’ ಎನ್ನಬೇಡಿ, ಹವಾನಾದಲ್ಲಿ ಅದು ಹೆಂಗಸರೆದುರು ಆಡಬಾರದ ಮಾತು. ‘ಫ್ರೂತಾ ಬೊಂಬಾ’ ಎಂದರೆ ತಟ್ಟೆಯಲ್ಲಿ ಹೆಚ್ಚಿಟ್ಟು ತರುತ್ತಾರೆ.