ನೀಲಗಿರಿಯ ಹಲ್ಲಿನ ಹಳಿಗೆ ನಾವು ಕಟ್ಟಿದ ಎಂಜಿನ್

ಉಗಿ ಎಂಜಿನ್ ಕಟ್ಟುವ ಕೆಲಸದಲ್ಲಿದ್ದೆ ಎಂದರೆ ಸಾಕು, ಎಲ್ಲರೂ ಬಾಯ್ಲರಿನ ಬಗ್ಗೆಯೇ ಕೇಳುತ್ತಾರೆ. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ನೀಲಗಿರಿ ಪರ್ವತ ರೈಲಿಗಾಗಿ ಹೊಸ ಎಕ್ಸ್ ವರ್ಗದ ಎಂಜಿನ್ ತಯಾರಾಗುವಾಗ ನಾನು ಫಿಟ್ಟರ್ ಆಗಿದ್ದೆ. ನನ್ನ ಪಾಲಿಗೆ ಬಂದದ್ದು ಸಿಲಿಂಡರ್, ಗೇರು ಮತ್ತು ಹಲ್ಲುಗಾಲಿಗಳು. ನನ್ನನ್ನು ಕೇಳಿದರೆ ಈ ಎಂಜಿನ್ನಿನ ಬುದ್ಧಿಯೆಲ್ಲ ಇರುವುದು ಅಲ್ಲಿಯೇ.

ಕಲ್ಲಾರಿನಿಂದ ಕುನೂರಿನವರೆಗಿನ ಏರು ಅತಿ ಕಡಿದಾದ ಕಡೆ 12.28 ಅಡಿ ಸಾಗಿದರೆ ಒಂದು ಅಡಿ ಮೇಲಕ್ಕೆ ಹೋಗುತ್ತದೆ. ಅಲ್ಲಿ ನುಣುಪು ಗಾಲಿ ಜಾರುತ್ತದೆ. ಆದ್ದರಿಂದ ಹಳಿಗಳ ನಡುವೆ ಹಲ್ಲಿನ ಪಟ್ಟಿಗಳು ಎರಡಿವೆ. ಒಂದರ ಹಲ್ಲಿಗೆ ಎದುರಾಗಿ ಇನ್ನೊಂದರ ಸಂದು ಬರುವಂತೆ ಕೂರಿಸಿದ್ದಾರೆ. ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಊರಿನ ಎಂಜಿನ್ ಕಾರ್ಖಾನೆಯವರು ಇದಕ್ಕೆ ಮಾಡಿದ ವಿನ್ಯಾಸದಲ್ಲಿ ಒಂದೇ ಚೌಕಟ್ಟಿನೊಳಗೆ ಎರಡು ಎಂಜಿನ್‌ಗಳಿವೆ ಎನ್ನಬಹುದು. ಕೆಳಗಿನ ಸಿಲಿಂಡರ್‌ಗಳು ಮಾಮೂಲಿ ಗಾಲಿಗಳನ್ನು ತಿರುಗಿಸುತ್ತವೆ. ಹಲ್ಲಿನ ಹಳಿ ಬಂದಾಗ ಅವು ಬಿಟ್ಟ ಉಗಿ ವ್ಯರ್ಥವಾಗದೆ ಮೇಲಿನ ಸಿಲಿಂಡರ್‌ಗಳಿಗೆ ಹೋಗಿ ಹಲ್ಲುಗಾಲಿಗಳನ್ನು ನಡೆಸುತ್ತದೆ.

ಒಮ್ಮೆ ಹಿಗ್ಗಿದ ಉಗಿಗೆ ಹೆಚ್ಚು ಜಾಗ ಬೇಕು, ಹಾಗಾಗಿ ಎರಡನೆಯ ಸಿಲಿಂಡರ್ ಬಹಳ ದೊಡ್ಡದಿರಬೇಕು ಎಂದು ಹೊಸಬರು ಊಹಿಸುತ್ತಾರೆ. ಇಲ್ಲಿ ಹಾಗಿಲ್ಲ. ನಡುವೆ ಗೇರು ಇರುವುದರಿಂದ ಮೇಲಿನ ಪಿಸ್ಟನ್‌ಗಳು ಹೆಚ್ಚು ವೇಗವಾಗಿ ಓಡಾಡಿ ಅಷ್ಟು ಉಗಿಯನ್ನು ನುಂಗಿಬಿಡುತ್ತವೆ. ಅದೇ ಗೇರಿನಿಂದಾಗಿ ಮೇಲಿನ ಕ್ರ್ಯಾಂಕ್ ಕೆಳಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಮೊದಲ ಸಲ ನೋಡಿದವರು ಏನೋ ತಪ್ಪಾಗಿ ಜೋಡಿಸಿದ್ದಾರೆ ಎಂದೇ ತಿಳಿಯುತ್ತಾರೆ. ನೂರು ವರ್ಷದ ಹಿಂದೆ ಇದನ್ನು ಯೋಚಿಸಿದವರ ಜಾಣತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ರಿಪೇರಿಗೆ ಕೈ ತೂರಿಸಲು ಅವರು ಬಿಟ್ಟ ಜಾಗದ ಬಗ್ಗೆ ಮಾತ್ರ ಅಷ್ಟು ಒಳ್ಳೆಯ ಮಾತಾಡಲಾರೆ.

ಸಿಲಿಂಡರ್ ಎರಕ ಹೊಯ್ಯುವುದು ಸುಲಭವಲ್ಲ. ಬೀಡು ಕಬ್ಬಿಣ ತಣಿಯುವಾಗ ಸುಮಾರು ಶೇಕಡ ಒಂದರಷ್ಟು ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಅಷ್ಟು ದೊಡ್ಡದಿರಬೇಕು. ಉಗಿದಾರಿಗಾಗಿ ಒಳಗಿಡುವ ಮರಳಿನ ಕೋರ್ ಸ್ವಲ್ಪ ಸರಿದರೂ ಒಂದು ಕಡೆಯ ಗೋಡೆ ತೆಳುವಾಗುತ್ತದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ. ಬೋರಿಂಗ್‌ಗೆ, ಅಂದರೆ ಒಳಗನ್ನು ಅಳತೆಗೆ ಕೊರೆಯುವುದಕ್ಕೆ, ಮೊದಲು ಗೋಡೆಯ ದಪ್ಪ ಅಳೆಯದೆ ನಾನು ಯಾವ ಎರಕವನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಇದರಿಂದ ಕೆಲಸ ತಡವಾಗುತ್ತದೆಂದು ಬೈಸಿಕೊಂಡದ್ದೂ ಉಂಟು.

ಬೆಂಕಿಯ ವಿಷಯದಲ್ಲಿ ಮೂಲಕ್ಕೂ ನಮ್ಮದಕ್ಕೂ ವ್ಯತ್ಯಾಸವಿತ್ತು: ಕಲ್ಲಿದ್ದಲಿನ ಬದಲು ಎಣ್ಣೆ. ಉಗಿಯ ರಭಸದಿಂದ ಎಣ್ಣೆಯನ್ನು ಸಿಂಪಡಿಸಿ ಉರಿಸುತ್ತಾರೆ. ಕಿಡಿ ಹಾರಿ ಕಾಡಿಗೆ ಬೆಂಕಿ ತಗಲುವ ಭಯ ಇದರಲ್ಲಿ ಕಡಿಮೆ. ಕಲ್ಲಿದ್ದಲಿನ ವಾಸನೆಗೆ ಮನಸೋತವರು ಮುಖ ಸಿಂಡರಿಸುತ್ತಾರೆ, ಇರಲಿ.

ಕೊನೆಯ ಹೊಂದಾಣಿಕೆ ಹಲ್ಲುಗಾಲಿಯದು. ಸ್ಪ್ರಿಂಗ್ ಮೇಲೆ ಕೂತ ಚೌಕಟ್ಟಿಗೆ ಅದನ್ನು ಕಟ್ಟಿದರೆ ಎಂಜಿನ್ ಕುಲುಕಿದಂತೆಲ್ಲ ಹಲ್ಲುಗಳ ಹಿಡಿತ ಏರಿಳಿಯುತ್ತದೆ. ಆದ್ದರಿಂದ ಅದರ ಭಾರ ನೇರವಾಗಿ ಗಾಲಿಗಳ ಅಚ್ಚುಗಳ (ಆಕ್ಸಲ್) ಮೇಲೆ ಬೀಳಬೇಕು. ಆದರೆ ಆಗ ಇನ್ನೊಂದು ತೊಡಕು: ಗಾಲಿಯ ಟೈರ್, ಅಂದರೆ ಹೊರಸುತ್ತಿನ ಉಕ್ಕಿನ ಪಟ್ಟಿ, ಸವೆದಷ್ಟೂ ಹಲ್ಲುಗಾಲಿ ಕೆಳಗಿಳಿದು ಪಟ್ಟಿಯ ಬುಡಕ್ಕೆ ಒತ್ತಲು ಹೋಗುತ್ತದೆ. ಸವೆದ ಟೈರನ್ನು ಕಡೆದು ಸರಿಮಾಡಲು ಲೇತ್‌ಗೆ ಹಾಕಿದಾಗಲೆಲ್ಲ ಆ ಅಂತರವನ್ನು ಮತ್ತೆ ಅಳೆದು ಎತ್ತಿ ಕೂರಿಸಬೇಕು. ಹೊಸ ಟೈರಿನ ಮೇಲೆ ನಾವು ಹೊಂದಿಸಿ ಕಳುಹಿಸಿದೆವು. ಅಲ್ಲಿಂದ ಮುಂದಿನದು ಶೆಡ್ಡಿನವರ ಕೆಲಸ.